ಒಂದೇ ಸಾಕು ಅನ್ನುವ ಕೆಲಸ

ಅಳು ಹೆಚ್ಚಿರುವ ಕಡೆಯೇ ನಗು ಬರುವ ಸಂಗತಿಗಳೂ ನಡೆಯುತ್ತಿರುತ್ತವೆ. ಬನ್ನಿಮಂಟಪದ ಹತ್ತಿರ, ಮಕ್ಕಳಾಗದವರು ಬರುವ ಆಸ್ಪತ್ರೆಯೊಂದರಲ್ಲಿ ನಾನು ಕೌನ್ಸೆಲರ್. ಲ್ಯಾಬಿನಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಒಂದನ್ನೇ ಗರ್ಭಕ್ಕೆ ಸೇರಿಸೋಣ, ಅವಳಿ ತ್ರಿವಳಿಯಾದರೆ ತಾಯಿಗೂ ಮಕ್ಕಳಿಗೂ ಅಪಾಯ ಎಂದು ಒಪ್ಪಿಸುವುದು ನನ್ನ ಕೆಲಸ. ಸಂಜೆ ದಟ್ಟಗಳ್ಳಿಯ ಮನೆಗೆ ಹೋದರೆ ಇದನ್ನೆಲ್ಲ ಹೇಳಿಕೊಳ್ಳಲು ಯಾರೂ ಇಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಗುಣಿಗೆ ಎರಡು

ಹಿನಕಲ್ ಕಡೆಯ ಅತ್ತೆಯೊಬ್ಬರು ಸೊಸೆಯನ್ನು ಕರೆದುಕೊಂಡು ಬಂದಿದ್ದರು.

"ಒಂದೇ ಯಾಕವ್ವ? ಕುಂಬಳ ಆಕುವಾಗ ಗುಣಿಗೆ ಎರಡು ಬೀಜ ಆಕಕ್ಕಿಲ್ವಾ?"

"ಎರಡೂ ಹುಟ್ಟಿ ಜಾಗ ಸಾಲದೆ ಹೋದ್ರೆ?"

"ಒಂದ ಕಿತ್ತಾಕ್ತೀವಿ."

ಅಂದವರೇ ಗಕ್ಕನೆ ಸೊಸೆಯ ಮುಖ ನೋಡಿದರು. ಹೆಚ್ಚು ಭ್ರೂಣ ನಿಂತಾಗ, ಉಳಿದವನ್ನು ಉಳಿಸಿಕೊಳ್ಳಲು ಕೆಲವನ್ನು ತೆಗೆಸಬೇಕಾಗಬಹುದು ಎಂಬ ಮಾತನ್ನು ನಾನಿನ್ನೂ ಎತ್ತಿರಲೇ ಇಲ್ಲ. ಅವರು ಸೊಸೆಯ ಕೈ ಹಿಡಿದುಕೊಂಡರು.

"ಬ್ಯಾಡ ಬುಡವ್ವ. ಒಂದೇ ಆಕ್ಸು."

ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಉಳ ಇಡ್ದಿರೋ ಬೀಜ ಆಕ್ಬುಟ್ಟಾರು, ಒಸಿ ನೋಡ್ಕಳವ್ವ!"

ಅದೇ ಮುಖ

ಇನ್ನೊಂದು ಜೋಡಿ ಚರ್ಚಿನಿಂದ ನೇರ ನಮ್ಮಲ್ಲಿಗೆ ಬರುತ್ತಿದ್ದರು. ಗಂಡ ಸ್ವತಃ ಅವಳಿ. "ನಂಗೇನಾಗಿದೆ ಮೇಡಂ? ಎರಡೇ ಇರ್ಲಿ" ಎಂದು ಹಟ.

ಒಂದು ದಿನ ಹೆಂಡತಿ ಸ್ಕ್ಯಾನಿಂಗಿಗೆ ಹೋದಾಗ, ಹೊರಗೆ ಕೂತಿದ್ದವರನ್ನು ಒಳಗೆ ಕರೆದೆ. ದಿನ ತುಂಬದೆ ಹುಟ್ಟುವ ಕೂಸುಗಳು, ಗಾಜಿನ ಪೆಟ್ಟಿಗೆ, ಹೊರಗೆ ಕಾಯುವ ತಾಯಂದಿರು, ಎಲ್ಲ ಹೇಳಿದೆ. ಅವರ ಕಣ್ಣಲ್ಲಿ ನೀರು. "ಒಂದೇ ಸಾಕು ಮೇಡಂ" ಅಂದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆಗೆದು ಅದೇ ಮುಖ ಒಳಗೆ ಬಂತು.

"ಕಾರ್ ನಿಲ್ಲಿಸಿ ಬರೋ ಅಷ್ಟರಲ್ಲಿ ನಮ್ ತಮ್ಮನ್ನ ಯಾಕ್ರೀ ಕರೆದ್ರಿ?"

"ನೀವಾದ್ರೂ ಹೇಳಬಾರದಿತ್ತೇನ್ರೀ?" ಎಂದೆ ತಮ್ಮನಿಗೆ.

"ನೀವು ಬಾಯಿ ತೆಗೆಯೋಕೆ ಬಿಟ್ರೆ ತಾನೆ? ನಂಗಿನ್ನೂ ಮದುವೇನೇ ಆಗಿಲ್ಲ!"

ಜೋಗುಳ

ಮಗುವಾದ ಮೇಲೆ ಚಿಕಿತ್ಸೆಯ ವಿಷಯ ಮುಚ್ಚಿಡುವವರೇ ಹೆಚ್ಚು. ನನ್ನ ಮುಂದೆ ಕೂತು ಅತ್ತವರು ಮಾರ್ಕೆಟ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವರ ತಪ್ಪಲ್ಲ. ಆದರೆ ಅಂಥ ದಿನ ಮನೆಯ ಬೀಗ ತೆಗೆಯಲು ಮನಸ್ಸೇ ಬರುವುದಿಲ್ಲ.

ಒಮ್ಮೆ ಎದುರುಮನೆಯವರು ಛತ್ರವೊಂದರಲ್ಲಿದ್ದ ತಮ್ಮ ನೆಂಟರ ಮಗುವಿನ ನಾಮಕರಣಕ್ಕೆ ಕರೆದುಕೊಂಡು ಹೋದರು. ತೊಟ್ಟಿಲ ಪಕ್ಕ ನಿಂತಿದ್ದವಳು ನಮ್ಮಲ್ಲಿ ಚಿಕಿತ್ಸೆ ಪಡೆದಿದ್ದ ಹುಡುಗಿ. ನನ್ನನ್ನು ಕಂಡವಳೇ ಬಿಳಿಚಿಕೊಂಡಳು.

"ಯಾರಮ್ಮ ಇವರು, ನಿಂಗೆ ಗೊತ್ತಾ?" ಎಂದರು ಅವಳ ಅಜ್ಜಿ.

"ಸ್ಕೂಲಲ್ಲಿ ಸಂಗೀತ ಹೇಳ್ಕೊಟ್ಟ ಮೇಡಂ!"

"ಹಂಗಾದ್ರೆ ಒಂದು ಜೋಗುಳ ಆಗ್ಲಿ!"

ಎಲ್ಲರೂ ನನ್ನತ್ತ ತಿರುಗಿದರು. ಹುಡುಗಿ ಕಣ್ಣಲ್ಲೇ ಬೇಡಿಕೊಂಡಳು. ನಾನು ಬಚ್ಚಲಲ್ಲೂ ಹಾಡಿದವಳಲ್ಲ. ಯಾರೋ ನಿದ್ದೆ ಮಾಡುತ್ತಿದ್ದ ಕೂಸನ್ನು ಎತ್ತಿ ನನ್ನ ಕೈಗಿಟ್ಟರು. ಇಷ್ಟು ಮಕ್ಕಳಿಗಾಗಿ ದುಡಿದಿದ್ದರೂ ಒಂದನ್ನೂ ಎತ್ತಿಕೊಂಡಿರಲಿಲ್ಲ. ಬೆಚ್ಚಗಿತ್ತು. ಎದೆಗೊತ್ತಿಕೊಂಡೆ. ಹಾಗೇ "ಜೋ ಜೋ" ಎಂದು ಶುರುಮಾಡಿದೆ. ಕೂಸು ಕಣ್ಣು ಬಿಟ್ಟು ನನ್ನನ್ನೊಮ್ಮೆ ನೋಡಿ, ಕಿಟಾರನೆ ಕಿರುಚಿತು.

ಅಜ್ಜಿ ಕಿವಿ ಮುಚ್ಚಿಕೊಂಡರು. "ಸದ್ಯ, ಒಂದೇ ಹುಟ್ಟಿದ್ದು ಕಣಮ್ಮ! ಎರಡಾಗಿದ್ರೆ ಇವರ ಹಾಡಿಗೆ ಇಡೀ ಛತ್ರವೇ ಖಾಲಿ ಆಗ್ತಿತ್ತು!"