ಹನ್ನೆರಡನೆಯ ಉಲ್ಲೇಖ

ವಯಸ್ಸಾದ ಮೇಲೆ ಮನುಷ್ಯನಿಗೆ ಬೆಳಿಗ್ಗೆ ಎದ್ದ ಕೂಡಲೇ ನೋಡಿಕೊಳ್ಳಲು ಯಾವುದಾದರೂ ಒಂದು ಅಂಕಿ ಬೇಕು. ಕೆಲವರಿಗೆ ಅದು ಸಕ್ಕರೆಯದು, ಕೆಲವರಿಗೆ ರಕ್ತದೊತ್ತಡದ್ದು. ಇವೆರಡೂ ನನಗೆ ಹತೋಟಿಯಲ್ಲಿರುವುದರಿಂದ ನಾನು ಎಚ್-ಇಂಡೆಕ್ಸ್ ನೋಡಿಕೊಳ್ಳುತ್ತೇನೆ. ಐದು ಗಂಟೆಗೆ ಏಳುವುದು, ಹಾಸಿಗೆ ಮಡಿಸುವುದು, ಹೆಂಡತಿ ಗಿರಿಜಾಳನ್ನು ಎಬ್ಬಿಸುವುದು, ಕಂಪ್ಯೂಟರ್ ತೆರೆದು ಲೋಕದಲ್ಲಿ ಯಾರಾದರೂ ನನ್ನ ಹೆಸರು ಹೇಳಿದ್ದಾರೆಯೇ ಎಂದು ಹುಡುಕುವುದು, ಆಮೇಲೆ ಕಾಫಿ. ನಾನು ನಿವೃತ್ತ ಮನೋವೈದ್ಯ. ಬೇರೆ ಯಾರಾದರೂ ಬಂದು ಇಂಥ ಅಭ್ಯಾಸವನ್ನು ಹೇಳಿಕೊಂಡಿದ್ದರೆ ಕೂಡಿಸಿಕೊಂಡು ವಿಚಾರಿಸುತ್ತಿದ್ದೆ.

ಈ ಎಚ್-ಇಂಡೆಕ್ಸ್ ಎನ್ನುವುದು ಸಂಶೋಧಕರನ್ನು ತೂಗುವ ತಕ್ಕಡಿ. ಅದು ಹನ್ನೆರಡಾಗಬೇಕಾದರೆ ನಾನು ಬರೆದ ಹನ್ನೆರಡು ಪ್ರಬಂಧಗಳಿರಬೇಕು, ಒಂದೊಂದನ್ನೂ ಕಡಿಮೆಯೆಂದರೆ ಹನ್ನೆರಡು ಪ್ರಬಂಧಗಳು ಉಲ್ಲೇಖಿಸಿರಬೇಕು. ನನ್ನ ಹನ್ನೊಂದು ಪ್ರಬಂಧಗಳು ಗಡಿ ದಾಟಿ ಹಾಯಾಗಿದ್ದವು. ಹನ್ನೆರಡನೆಯದು ಮಾತ್ರ ಹನ್ನೊಂದು ಉಲ್ಲೇಖಗಳವರೆಗೆ ಬಂದು, ಕೆಟ್ಟುನಿಂತ ಸಿಟಿ ಬಸ್ಸಿನ ಹಾಗೆ ವರ್ಷಗಟ್ಟಲೆ ಅಲ್ಲಿಯೇ ನಿಂತಿತ್ತು. ಇನ್ನೊಂದೇ ಒಂದು ಸಾಕಿತ್ತು. ಹೊಸದೊಂದು ಪ್ರಬಂಧ ಬರೆದು ನನ್ನನ್ನು ನಾನೇ ಉಲ್ಲೇಖಿಸಿಕೊಳ್ಳಬಹುದಿತ್ತು. ಎಷ್ಟೋ ಮಂದಿ ಮಾಡುತ್ತಾರೆ. ನನಗೆ ಮಾತ್ರ ಅದು ನನ್ನ ಮದುವೆಗೆ ನಾನೇ ವಾಲಗ ಊದಿಕೊಂಡ ಹಾಗೆ ಕಾಣುತ್ತದೆ.

ವಾಕಿಂಗಿಗೆ ಜೊತೆಯಾಗುವ ಮಲ್ಲಪ್ಪನವರಿಗೆ ಲಷ್ಕರ್ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿಯಿದೆ. ಅವರಿಗೆ ಒಂದು ದಿನ ಈ ಸಂಕಟವನ್ನು ವಿವರಿಸಿದೆ.

"ಅಂದ್ರೆ, ಯಾರೋ ಗುರುತಿಲ್ದೋರು ನಿಮ್ಮ ಹೆಸ್ರು ಹೇಳ್ಬೇಕು. ಅದ್ರಿಂದ ನಿಮ್ಗೇನೂ ಸಿಗಲ್ಲ."

"ಇಲ್ಲ."

"ಅದನ್ನ ನೋಡಕ್ಕೇ ಐದು ಗಂಟೆಗೆ ಏಳ್ತೀರಾ? ಯಾರಾದ್ರೂ ಒಳ್ಳೆ ಡಾಕ್ಟ್ರಿಗೆ ತೋರಿಸ್ಕೊಳ್ಳಿ ಸಾರ್."

ಹೀಗಿರುವಾಗ ಒಂದು ಪತ್ರಿಕೆಯವರು ಪರಿಶೀಲನೆಗೆಂದು ಒಂದು ಪ್ರಬಂಧ ಕಳಿಸಿದರು. ನಮ್ಮಲ್ಲಿ ಯಾವ ಪ್ರಬಂಧವೂ ಅಚ್ಚಾಗುವ ಮೊದಲು ಇನ್ನೊಬ್ಬ ತಜ್ಞ ಗುಟ್ಟಾಗಿ ಓದಿ ತಪ್ಪು ಹೇಳಬೇಕು. ತಪ್ಪು ಹುಡುಕುವ ಕೆಲಸವೆಂದರೆ ನನಗೆ ಹಬ್ಬ. ಕೆಂಪು ಪೆನ್ನು ಹಿಡಿದು ಕೂತವನು ಮೂರನೆಯ ಪುಟದಲ್ಲಿ ಪೆನ್ನು ಕೆಳಗಿಟ್ಟೆ. ಅಲ್ಲಿ ನನ್ನ ಹೆಸರಿತ್ತು! ಅದೇ ನಿಂತ ಬಸ್ಸಿನ ಉಲ್ಲೇಖ! "ಬೆಳಿಗ್ಗೆ ಬೇಗ ಏಳುವವರ ಮನಸ್ಸು ಹೆಚ್ಚು ಉಲ್ಲಾಸದಿಂದಿರುತ್ತದೆ ಎಂಬುದು ಸಾಬೀತಾಗಿದೆ" ಎಂದು ಬರೆದು, ಆಧಾರವಾಗಿ ನನ್ನ ಪ್ರಬಂಧವನ್ನು ಕೊಟ್ಟಿದ್ದರು.

ತೊಂದರೆಯೆಂದರೆ, ನನ್ನ ಪ್ರಬಂಧ ಹಾಗೆ ಹೇಳಿರಲಿಲ್ಲ. ಹಾಗೆಯೇ ಹೇಳುತ್ತದೆ ಎಂಬ ಭರವಸೆಯಲ್ಲಿ ನಾನು ಆ ಕೆಲಸಕ್ಕೆ ಕೈಹಾಕಿದ್ದು ನಿಜ. ಆದರೆ ಬೇಗ ಎದ್ದವರಿಗೂ ತಡವಾಗಿ ಎದ್ದವರಿಗೂ ಉಲ್ಲಾಸದಲ್ಲಿ ಯಾವ ವ್ಯತ್ಯಾಸವೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಪ್ರಾಮಾಣಿಕವಾಗಿ ಬರೆದು, ಮರುದಿನ ಎಂದಿನಂತೆ ಐದಕ್ಕೆ ಎದ್ದೆ. ಈ ಲೇಖಕರು ಶೀರ್ಷಿಕೆಯೊಂದನ್ನೇ ಓದಿ ಒಳಗಿನದನ್ನು ಊಹಿಸಿಕೊಂಡಿದ್ದರು.

ಸುಮ್ಮನಿದ್ದರೆ ಹನ್ನೆರಡು. ಬಾಯಿಬಿಟ್ಟರೆ ಆ ಸಾಲನ್ನು ಹೊಡೆದುಹಾಕುತ್ತಾರೆ, ನಾನು ಮತ್ತೆ ಹನ್ನೊಂದು. ಯಾರ ಪ್ರಬಂಧವೆಂದು ಹೇಳದೆ ಮಲ್ಲಪ್ಪನವರ ಸಲಹೆ ಕೇಳಿದೆ.

"ಸುಮ್ನಿದ್ದುಬುಡಿ ಸಾರ್. ಹೊಗಳೋರ ಬಾಯಿಗೆ ಯಾರಾದ್ರೂ ಕೈ ಅಡ್ಡ ಇಡ್ತಾರಾ?"

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಕೂತು, "ಇಲ್ಲಿ ಉಲ್ಲೇಖಿಸಿರುವ ಪ್ರಬಂಧ ಹೀಗೆ ಹೇಳುವುದಿಲ್ಲ. ಲೇಖಕರು ದಯವಿಟ್ಟು ಓದಿ ನೋಡಬೇಕು" ಎಂದು ಬರೆದು ಕಳಿಸಿದೆ. ಕಳಿಸಿದ ಮೇಲೆ, ಗಿರಾಕಿಯನ್ನು ಕೈಯಾರೆ ಪಕ್ಕದ ಅಂಗಡಿಗೆ ಕಳಿಸಿಕೊಟ್ಟ ವ್ಯಾಪಾರಿಯ ಹಾಗೆ ಕೂತೆ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ, ಹನ್ನೆರಡು! ಅಚ್ಚಾದ ಪ್ರಬಂಧವನ್ನು ತೆರೆದು ನೋಡಿದೆ. ಆ ಲೇಖಕರು ಪಾಪ, ಸಾಲನ್ನು ತೆಗೆದುಹಾಕುವ ಬದಲು ತಿದ್ದಿಕೊಂಡು ಉಳಿಸಿದ್ದರು. ಸಂತೋಷ ತಡೆಯಲಾಗದೆ ಗಿರಿಜಾಳನ್ನು ಕೂಗಿ ಕರೆದೆ. ಮದುವೆಯಾದಾಗಿನಿಂದ ನನ್ನ ಒಂದು ಪ್ರಬಂಧವನ್ನೂ ಓದದ ಅವಳು, ಅಂದು ಏನಾಯಿತೋ, ಕನ್ನಡಕ ಹಾಕಿಕೊಂಡು ಅಂಕಿಯನ್ನು ಬಿಟ್ಟು ಆ ಸಾಲನ್ನೇ ಓದಿದಳು. ಎರಡು ಸಲ ಓದಿದಳು.

"ರೀ, ಬೇಗ ಏಳೋದ್ರಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ಕಂಡುಹಿಡಿದಿರೋದು ನೀವೇನಾ?"

"ನಾನೇ ಕಣೇ."

"ಮತ್ತೆ ಇಷ್ಟು ವರ್ಷ ದಿನಾ ಕತ್ತಲಲ್ಲಿ ನನ್ನನ್ನ ಎಬ್ಬಿಸ್ತಾ ಇದ್ದಿದ್ದು?"

"ಅದು ಸಂಶೋಧನೆ, ಇದು ಮನೆ" ಎಂದೆ. ಮನೋವೈದ್ಯನ ಬಾಯಲ್ಲಿ ಬರಬೇಕಾದ ಮಾತಲ್ಲ.

"ಓದಿದೋರಿಗೆಲ್ಲಾ ಗೊತ್ತಿರೋದು ನಂಗೊಬ್ಬಳಿಗೆ ಗೊತ್ತಿಲ್ವಲ್ರೀ!" ಎಂದು ನಕ್ಕು ಒಳಗೆ ಹೋದಳು. ನಕ್ಕದ್ದರಿಂದ ವಿಷಯ ಮುಗಿಯಿತೆಂದುಕೊಂಡೆ.

ಮರುದಿನ ಐದಕ್ಕೆ ಎಬ್ಬಿಸಲು ಹೋದರೆ, ಹೊದಿಕೆಯೊಳಗಿಂದ "ನಿಮ್ಮ ಪ್ರಬಂಧ ಓದ್ಕೊಳ್ಳಿ, ಹೋಗಿ" ಎಂಬ ದನಿ ಬಂತು. ಫಿಲ್ಟರಿಗೆ ನಾನೇ ಪುಡಿ ಹಾಕಿದೆ, ನಾನೇ ಹಾಲು ಕಾಯಿಸಿದೆ, ಸ್ವಲ್ಪ ಉಕ್ಕಿಸಿದೆ. ಬಿಸಿಲು ಅಡುಗೆಮನೆಯ ಕಿಟಕಿಗೆ ಬಂದ ಮೇಲೆ ಗಿರಿಜಾ ಎದ್ದು ಬಂದು, ನಾನು ಕೊಟ್ಟ ಲೋಟ ಹಿಡಿದು ಎದುರಿಗೆ ಕೂತಳು.

"ಹೇಗಿದೆ ಮನಸ್ಸು?" ಎಂದು ವೈದ್ಯನ ಗತ್ತಿನಲ್ಲೇ ಕೇಳಿದೆ.

"ಎಷ್ಟು ಉಲ್ಲಾಸವಾಗಿದೆ ಗೊತ್ತೇನ್ರೀ! ವ್ಯತ್ಯಾಸ ಇಲ್ಲ ಅಂತ ಬರ್ದಿದೀರಲ್ಲ, ನಿಮ್ಮ ಪ್ರಬಂಧ ತಪ್ಪು ಕಣ್ರೀ."

ಅಂದಿನಿಂದ ಮನೆಯ ಕಾಫಿ ನನ್ನ ಪಾಲಿಗೆ ಬಂದಿದೆ. ಬೇಸರವೇನಿಲ್ಲ. ಗಿರಿಜಾ ತನ್ನ ಶೋಧನೆಯನ್ನು ಬರೆದು ಯಾವುದಾದರೂ ಪತ್ರಿಕೆಗೆ ಕಳಿಸಲಿ ಎಂದು ದಿನವೂ ಒತ್ತಾಯಿಸುತ್ತಿದ್ದೇನೆ. ನನ್ನದು ತಪ್ಪೆಂದು ತೋರಿಸಬೇಕಾದರೂ ಅವಳು ನನ್ನನ್ನು ಉಲ್ಲೇಖಿಸಲೇಬೇಕಲ್ಲ.