ಸೀಮೆ ಯಾಂಗಣ್ಣ

ಚೀನಾ ದೇಶಕ್ಕೆ ಎದ್ದು ನಿಲ್ಲೋದು ಕಲಿಸಿದ್ದೇ ತಿಯಾಂಜಿನ್ ಪಟ್ಟಣದ ನಮ್ಮ ಬಿದಿರು ಓಣಿ. ಆಯ್ತಪ್ಪ, ಅರ್ಧ ಸುಳ್ಳು. ದೇಶ ತಾನಾಗೇ ಎದ್ದಿತು, ನಾವು ಪಕ್ಕದಲ್ಲಿ ನಿಂತು ಗದ್ದಲ ಎಬ್ಬಿಸಿದ್ವಿ. ಆ ಗದ್ದಲದಲ್ಲಿ ಸಿಕ್ಕಿಹಾಕ್ಕೊಂಡವನು ಯಾಂಗಣ್ಣ.

ಎಣ್ಣೇಲಿ ಕರಿದ ಹಿಟ್ಟಿನ ಕೋಲು ಮಾರ್ತಿದ್ದ. ಅಂಗಡಿ ಅಂದ್ರೆ ಒಂದು ಒಲೆ, ಒಂದು ಬಾಣಲೆ. ಹೆಂಡ್ತಿ ಮಕ್ಕಳ ಹೊಟ್ಟೆಯೆಲ್ಲ ಆ ಬಾಣಲೆ ಮೇಲೇ ನಿಂತಿತ್ತು. ಬೆಳಗಾದ್ರೆ "ಯಾಂಗ್ ಕೋಲು! ಬಿಸಿಬಿಸಿ ಯಾಂಗ್ ಕೋಲು!" ಅಂತ ಕೂಗ್ತಿದ್ದ. ಆ ಕೂಗಿಗೆ ಹೆಂಚು ಹಾರಿ ಪಕ್ಕದ ಓಣೀಲಿ ಬೀಳ್ತಿತ್ತು.

ತೊಂದರೆ ಇದ್ದಿದ್ದು ಗಂಟಲಲ್ಲಲ್ಲ, ಮನೆತನದ ಹೆಸರಲ್ಲಿ. ಸೀಮೆಎಣ್ಣೆ ಅಂತೀರಲ್ಲ, ಆ ಸೀಮೆಗೆ ನಮ್ಮ ಕಡೆ ಯಾಂಗ್ ಅಂತಾರೆ. ಪರದೇಶದ್ದೆಲ್ಲ ಯಾಂಗ್. ಯಾಂಗ್ ಎಣ್ಣೆ, ಯಾಂಗ್ ಮೊಳೆ, ಕಡ್ಡಿಪೆಟ್ಟಿಗೆಗೆ ಯಾಂಗ್ ಬೆಂಕಿ.

ಮೊದಲ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೇಲಿ ಎಲ್ಲೋ ದೂರ ಕೂತ ಪರದೇಶದ ದೊರೆಗಳು ನಮ್ಮ ನೆಲದ ಒಂದು ತುಂಡನ್ನ ಕಡುಬು ಬಡಿಸಿದ ಹಾಗೆ ಜಪಾನಿನವರ ತಟ್ಟೆಗೆ ಹಾಕಿದ್ರು. ಊರೆಲ್ಲ ಕೆಂಡ. ಕಾಲೇಜು ಮಕ್ಕಳು ಬಾವುಟ ಹಿಡ್ಕೊಂಡು ಬಂದು ಪರದೇಶದ ಸಾಮಾನೆಲ್ಲ ಓಣಿ ಮಧ್ಯೆ ರಾಶಿ ಹಾಕಿದ್ರು. ಸುಡೋಣ ಅಂದ್ರೆ ಯಾಂಗ್ ಬೆಂಕೀನೇ ಬೇಕು! ಅದನ್ನೂ ಆ ರಾಶಿಯೊಳಗಿಂದಲೇ ಹುಡುಕಿ ತೆಗೆದ್ವಿ. ಅಂಥಾ ಶೂರರು ನಾವು.

ಆ ಹೊತ್ತಿಗೇ ಯಾಂಗಣ್ಣ ಬಾಯಿ ಬಿಡಬೇಕೇ? "ಬಿಸಿಬಿಸಿ ಯಾಂಗ್ ಕೋಲು!"

ಗಿಡ್ಡಗೂದಲ ಹುಡುಗಿ ಒಬ್ಬಳು ಮಕ್ಕಳ ಗುಂಪಿಗೆ ಮುಖಂಡೆ, ಚ್ಯಾವ್ ಅಂತ. ತಿರುಗಿ ನೋಡಿದ್ಲು. "ಏನಯ್ಯಾ, ಸೀಮೆ ಕೋಲು ಮಾರ್ತೀಯಾ? ನಾಚಿಕೆ ಆಗಲ್ವಾ?"

"ಅಯ್ಯೋ ತಾಯಿ, ಅದು ನನ್ನ ಹೆಸರು! ಬರೆದ್ರೆ ಅಕ್ಷರದ ಪಕ್ಕದಲ್ಲಿ ಒಂದು ಮರದ ಗುರುತು ಬರುತ್ತಂತೆ. ನಮ್ಮಪ್ಪ ಹೇಳಿದ್ದ."

"ನನಗೆ ಗೊತ್ತು, ಆ ಅಕ್ಷರ ಬೇರೆ. ಆದ್ರೆ ಜನ ಕೇಳೋದು ಕಿವೀಲಿ. ಹೆಸರು ಬದಲಾಯಿಸು, ಇಲ್ಲಾಂದ್ರೆ ಬಾಣಲೆ ಕಾಲುವೆಗೆ."

ನಮ್ಮ ಓಣಿ ಬಟ್ಟೆ ಒಗೆಯೋ ಶೀ ಅತ್ತೆಗೆ ಉಪಾಯ ಹೇಳೋದು ಅಂದ್ರೆ ಹಬ್ಬ. "ಹೆಂಡ್ತಿ ತೌರಿನ ಹೆಸರು ಇಟ್ಕೊಳ್ಳೋ! ಕೋಲು ಹದವಾಗಿ ಬರೋದು ಅವಳ ಕೈಯಿಂದ ತಾನೇ?"

ಹೆಂಡ್ತಿ ತೌರು ಇಂಗ್ ಮನೆತನ. "ಇಂಗ್ ಕೋಲು!" ಅಂತ ಒಂದು ಸಲ ಕೂಗಿದ ನೋಡಿ, ರಾಶಿ ಸುಡೋರೆಲ್ಲ ದೊಣ್ಣೆ ಎತ್ಕೊಂಡು ಬಂದ್ರು. ನಮ್ಮಲ್ಲಿ ಇಂಗ್ ಅಂದ್ರೆ ಇಂಗ್ಲೆಂಡು!

"ಹಾಗಾದ್ರೆ ಅಮ್ಮನ ತೌರು?" ಅಂದ್ಲು ಅತ್ತೆ.

"ಮೇಯ್..." ಅಂದ ಯಾಂಗಣ್ಣ.

"ಮೇಯ್ ಅಂದ್ರೆ ಅಮೆರಿಕಾ!" ಅಂತ ಹಣೆ ಚಚ್ಕೊಂಡ್ಲು ಚ್ಯಾವ್. "ನಿಮ್ಮ ಮನೇಲಿ ಮದುವೆ ಮಾಡ್ಕೊಂಡ್ರೋ, ದೇಶ ಮಾರ್ಕೊಂಡ್ರೋ?"

ಕೊನೆಗೆ ಅವಳೇ ಹಲಗೆ ಬರೆದ್ಲು: ಚೀನೀ ಕೋಲು. ಅದೇನು ವ್ಯಾಪಾರ ಅಂತೀರಿ! ದೇಶಪ್ರೇಮ ಉಕ್ಕಿ ಉಕ್ಕಿ, ಹಲ್ಲಿಲ್ಲದ ಮುದುಕರೂ ಎರಡೆರಡು ಚೀಪಿದ್ರು. "ನಾನು ಹುಟ್ಟಾ ದೇಶಭಕ್ತ ಕಣತ್ತೆ" ಅಂತ ಯಾಂಗಣ್ಣ ಎದೆ ಉಬ್ಬಿಸಿದ. ಬೆಳಗ್ಗೆಯಿಂದ ಹೊಟ್ಟೆ ಮಾತ್ರ ಇದ್ದ ಮನುಷ್ಯನಿಗೆ ಎದೆ ಬಂದಿತ್ತು.

ಮಧ್ಯಾಹ್ನ ಬೂಟಿನ ಸದ್ದು. ಓಣಿ ದಾಟಿದ್ರೆ ಪರದೇಶದವರು ನಮ್ಮಿಂದ ಕಿತ್ಕೊಂಡ ಬಡಾವಣೆ. ಅಲ್ಲಿಂದ ಮೀಸೆ ಸಾಹೇಬ, ಹಿಂದೆ ಬಂದೂಕಿನವರು, ಪಕ್ಕದಲ್ಲಿ ಅವರ ಮಾತು ನಮಗೆ, ನಮ್ಮದು ಅವರಿಗೆ ತಿರುಗಿಸಿ ಹೇಳೋ ನಮ್ಮವನೇ ಒಬ್ಬ. ಹುಡುಗರೆಲ್ಲ ಗೋಡೆ ಹಾರಿದ್ರು. ಯಾಂಗಣ್ಣ ಬಾಣಲೆ ಬಿಟ್ಟು ಎಲ್ಲಿಗೆ ಹಾರ್ತಾನೆ?

ಹಲಗೆ ಓದಿಸಿಕೊಂಡ ಸಾಹೇಬನ ಮುಖ ಬೀಟ್‌ರೂಟು. "ಪರದೇಶದವರನ್ನ ಕಂಡ್ರೆ ಆಗದೇ ಇರೋನು ಇವನೇ ಏನು? ಹೆಸರು ಕೇಳು!"

ಜೈಲು ಕಣ್ಮುಂದೆ ಕುಣಿಯಿತು. ಹುಟ್ಟಾ ದೇಶಭಕ್ತ ಕೈಮುಗಿದು ಕಿರುಚಿದ, "ಯಾಂಗ್ ಸ್ವಾಮೀ! ನಮ್ಮಪ್ಪ ಯಾಂಗ್, ನಮ್ಮಜ್ಜ ಯಾಂಗ್, ನನ್ನ ಮಕ್ಕಳೂ ಯಾಂಗೇ!"

ತಿರುಗಿಸಿ ಹೇಳೋನು ಒಳ್ಳೆಯವನೋ ಪೋಕರಿಯೋ, ಇವತ್ತಿಗೂ ಗೊತ್ತಿಲ್ಲ. "ತಾತನ ಕಾಲದಿಂದ ಇವರು ಪರದೇಶದ ಕಡೆಯವರಂತೆ ದೊರೆ" ಅಂದುಬಿಟ್ಟ.

ಸಾಹೇಬ ಕರಗಿಹೋದ. ಯಾಂಗಣ್ಣನ ಬೆನ್ನು ತಟ್ಟಿದ. ಒಂದು ಕೋಲು ಮುರಿದು ತಿಂದ, ಕಣ್ಣು ಮುಚ್ಚಿದ. ನಾಳೆಯಿಂದ ಇಡೀ ಪಡೆಗೆ ಇಲ್ಲಿಂದಲೇ ತಿಂಡಿ ಅಂತ ಓಣಿಗೆಲ್ಲ ಕೇಳೋ ಹಾಗೆ ಸಾರಿಸಿದ. ಆಮೇಲೆ, ಎಲ್ಲಿ ಹೋದ್ರೂ ಬಾವುಟ ಊರೋದು ಅವರ ಚಾಳಿ ನೋಡಿ, ತಮ್ಮ ದೇಶದ ಪುಟ್ಟ ಬಾವುಟ ತೆಗೆದು, ನಾದಿಟ್ಟ ಹಿಟ್ಟಿನ ಮುದ್ದೆ ಮೇಲೆ ನೆಟ್ಟ!

ಬೂಟಿನ ಸದ್ದು ದೂರ ಆಯ್ತು. ಗೋಡೆ ಹಾರಿದೋರೆಲ್ಲ ಒಬ್ಬೊಬ್ಬರಾಗಿ ವಾಪಸ್ ಇಳಿದ್ರು. ಚ್ಯಾವ್ ತೋಳು ಮಡಚಿದ್ಲು. ಶೀ ಅತ್ತೆ ಬಟ್ಟೆ ಬಡಿಯೋ ಕೊರಡು ಎತ್ಕೊಂಡು ಮುಂದೆ ಬಂದ್ಲು.

"ಅತ್ತೇ, ನಾನು ಅದೇ ಯಾಂಗಣ್ಣ ಕಣೇ..."

ಕೊರಡು ಮೇಲೆ ಹೋಯ್ತು. ಬಿದ್ದಿದ್ದು ಬಾವುಟದ ಮೇಲೋ, ಬಾಣಲೆ ಮೇಲೋ, ಯಾಂಗಣ್ಣನ ಮೇಲೋ? ಹೂಂ, ನೀವೇ ಹೇಳಿ ನೋಡೋಣ.