ಧನಕವಡಿಯಲ್ಲಿ ಕೂತು ಪರದೇಶದ ರೈಲು ಹಿಡಿಯುವುದು

ನಾನು ಬಣ್ಣದ ಅಂಗಡಿಯವನು. ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು, ಧನಕವಡಿಯಲ್ಲಿ ಗೋಡೆಗೆ ಹಚ್ಚುವ ಬಣ್ಣ, ಬ್ರಷ್ಷು, ಪುಟ್ಟಿ ಮಾರಿಕೊಂಡಿದ್ದೇನೆ. ಆದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆ ಮೊದಲು ಬಾರಿಸುವುದು ನಮ್ಮ ಮನೆಯ ಬೆಲ್ಲು. "ಅಲ್ಲಿ ರೈಲಿನ ಟಿಕೆಟಿಗೆ ನಮ್ಮ ಕಾರ್ಡು ತಗೋವಲ್ದ್ರೀ, ಸ್ವಲ್ಪ ನೋಡ್ರೀ" ಅಂತ ಲ್ಯಾಪ್‌ಟಾಪು ಹೊತ್ತುಕೊಂಡೇ ಬರುತ್ತಾರೆ. ಒಮ್ಮೆ ಹತ್ತಿದ ಹೆಸರು ಎಣ್ಣೆಬಣ್ಣದ ಹಾಗೆ. ಟರ್ಪೆಂಟೈನ್ ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ಅದು ನೀವಲ್ಲ ಸರ್

ಈ ಹೆಸರು ಹತ್ತಿದ್ದು ಹೀಗೆ. ಒಂದು ವರ್ಷ ಬಣ್ಣದ ಕಂಪನಿಯವರು ಚೆನ್ನಾಗಿ ಮಾಲು ಎತ್ತಿದ ಅಂಗಡಿಯವರನ್ನೆಲ್ಲ ಹೆಂಡಿರ ಸಮೇತ ಸ್ವಿಟ್ಜರ್ಲೆಂಡಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಅದರಲ್ಲಿ ಒಂದು ದಿನ ನಮಗೆ ಬಿಟ್ಟಿದ್ದು. ಆ ದಿನ ಹಿಮದ ಗುಡ್ಡ ಹತ್ತುವ ರೈಲಿನಲ್ಲಿ ಕೂರಬೇಕು ಅಂತ ನನ್ನ ಹೆಂಡತಿಯ ಆಸೆ. ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಎಲ್ಲ ತುಂಬಿದೆ. ಹಣ ಕಟ್ಟುವ ಹೊತ್ತಿಗೆ ಕೆಂಪಕ್ಷರ ಬಂತು. ಕಾರ್ಡು ನಡೆಯುವುದಿಲ್ಲ. ಇನ್ನೊಮ್ಮೆ ಮಾಡಿದೆ. ಮತ್ತೆ ಕೆಂಪು.

ಅಂಗಡಿಯ ಫೋನಿನಿಂದ ಬ್ಯಾಂಕಿಗೆ ಹಚ್ಚಿದೆ. ಒಬ್ಬ ಹುಡುಗಿ ಭಾಳ ಸಭ್ಯವಾಗಿ ಹಿಂದಿಯಲ್ಲಿ ಕೇಳಿದಳು.

"ಸರ್, ಸ್ವಿಟ್ಜರ್ಲೆಂಡಿನಲ್ಲಿ ಯಾರೋ ನಿಮ್ಮ ಕಾರ್ಡು ಬಳಸಲು ನೋಡಿದ್ದಾರೆ. ಅದು ನೀವೇನಾ?"

"ಹೌದು, ನಾನೇ."

"ನೀವು ಈಗ ಸ್ವಿಟ್ಜರ್ಲೆಂಡಿನಲ್ಲಿ ಇದ್ದೀರಾ?"

"ಇಲ್ಲ, ಧನಕವಡಿಯಲ್ಲಿದ್ದೇನೆ."

"ಹಾಗಾದರೆ ಅದು ನೀವಲ್ಲ ಸರ್."

"ಅಲ್ಲಮ್ಮಾ, ನಾನೇ ಅಂತ ನಾನೇ ಹೇಳ್ತಾ ಇದ್ದೇನಲ್ಲ!"

"ನಿಮ್ಮ ರಕ್ಷಣೆಗಾಗಿಯೇ ತಡೆದಿದ್ದೇವೆ ಸರ್. ಸ್ವಿಟ್ಜರ್ಲೆಂಡಿಗೆ ಹೋದ ಮೇಲೆ ಇದೇ ನಂಬರಿಗೆ ಫೋನ್ ಮಾಡಿ."

"ಈ ನಂಬರು ಅಲ್ಲಿಂದ ಹತ್ತುತ್ತದೆಯೇ?"

"ಇಲ್ಲ ಸರ್, ಇದು ಭಾರತದಲ್ಲಿ ಮಾತ್ರ."

ನಾನು ಹೀಗೆ ನಾನೇ ನಾನು ಅಂತ ಸಾಧಿಸುತ್ತಿರುವಾಗ, ಊಟದ ಡಬ್ಬಿ ತಂದಿದ್ದ ಹೆಂಡತಿ ನನ್ನ ಮೊಬೈಲು ತೆಗೆದುಕೊಂಡಳು. ನನ್ನ ಗುಪ್ತ ಸಂಖ್ಯೆಗಳೆಲ್ಲ ನನಗಿಂತ ಅವಳಿಗೇ ಚೆನ್ನಾಗಿ ನೆನಪಿರುತ್ತವೆ. ಬ್ಯಾಂಕಿನ ಆ್ಯಪಿನಲ್ಲಿ ಏನನ್ನೋ ತೆರೆದಳು, ಏನನ್ನೋ ಎಡದಿಂದ ಬಲಕ್ಕೆ ಸರಿಸಿದಳು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದಳು. ಟಿಕೆಟ್ ಬಂತು.

"ಏನು ಮಾಡಿದಿ?" ಅಂದೆ.

"ಏನೋ ಒಂದು ಮುಚ್ಚಿತ್ತು, ತಗದೆ" ಅಂದಳು.

ತಿರುಗಿ ಬಂದು ಬಿಲ್ಡಿಂಗಿನವರಿಗೆ ಫೋಟೋ ತೋರಿಸುವಾಗ ಯಾರೋ ಕೇಳಿದರು, "ಈ ಟಿಕೆಟ್ ಯಾರು ತಗದ್ರಿ?" ಗಂಡನ ಮಾನ ನಾಲ್ಕು ಮಂದಿಯಲ್ಲಿ ಹೆಚ್ಚಲಿ ಅಂತ ಇವಳು "ಇವರs ತಗದ್ರು" ಅಂದುಬಿಟ್ಟಳು. ಅವತ್ತಿನಿಂದ ನನಗೆ ಬಿಡುವಿಲ್ಲ, ಅವಳಿಗೆ ನಗು ತಡೆಯುವುದಿಲ್ಲ.

ಸೀಟಿನಲ್ಲಿ ಯಾರೂ ಇಲ್ಲ

ನಮ್ಮ ಮೇಲಿನ ಮನೆಗೆ ಮಂಡ್ಯ ಕಡೆಯ ಹೊಸ ಜೋಡಿಯೊಂದು ಬಾಡಿಗೆಗೆ ಬಂದಿತ್ತು. ಇಬ್ಬರಿಗೂ ವಿಮಾನ ನಗರದ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಇಟಲಿಗೆ ಹೊರಟಿದ್ದರು. ರೋಮಿನಿಂದ ವೆನಿಸ್ಸಿಗೆ ಟಿಕೆಟ್ ಬೇಕು. ಕಂಪ್ಯೂಟರಿನ ಕೆಲಸ ಮಾಡುವವರು ಬಣ್ಣದ ಅಂಗಡಿಯವನ ಹತ್ತಿರ ಬಂದದ್ದು ನೋಡಿ ನನಗೇ ನಾಚಿಕೆಯಾಯಿತು.

"ಅಂಕಲ್, ಕಾರ್ಡ್ ಪ್ರಾಬ್ಲಂ ಆಮೇಲೆ. ಅದಕ್ಕೂ ಮುಂಚೆ ಸರ್‌ನೇಮ್ ಕೇಳ್ತಿದೆ. ನಮಗೆ ಸರ್‌ನೇಮೇ ಇಲ್ಲ. ಬರೀ ಇನಿಷಿಯಲ್ಲು. ಒಂದೇ ಅಕ್ಷರ ಹಾಕಿದ್ರೆ ಆ ಸೈಟು ಒಪ್ತಿಲ್ಲ" ಅಂದ ಹುಡುಗ.

"ನಮ್ಮ ಕಡೆ ಒಬ್ಬೊಬ್ಬರಿಗೆ ಎರಡೆರಡು ಅಡ್ಡಹೆಸರು ಇರ್ತಾವ. ಒಂದು ಕೊಡಲೇನು?" ಅಂದೆ.

ಹುಡುಗಿ ನಕ್ಕಳು. ಹುಡುಗ ನಗಲಿಲ್ಲ. ತಲೆ ಕೆಟ್ಟಿತ್ತು ಪಾಪ. ಅಡ್ಡಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ 'ನನ್' ಅಂತ ಬರೆದ, ಅಂದರೆ ಏನೂ ಇಲ್ಲ, ಯಾರೂ ಇಲ್ಲ ಅಂತ. ಸೈಟು ಖುಷಿಯಿಂದ ಒಪ್ಪಿಕೊಂಡಿತು. ಹೆಂಡತಿಗೂ ಅದನ್ನೇ ಹಾಕಿದ. ಇನ್ನು ಕಾರ್ಡು. ಅವನದು ನಡೆಯಲಿಲ್ಲ, ಅವಳದು ನಡೆಯಿತು. ಅದಕ್ಕೆ ಕಾರಣ ಅವನಿಗೂ ತಿಳಿಯಲಿಲ್ಲ, ನನಗಂತೂ ಕೇಳಲೇಬೇಡಿ. ಕೈ ಮುಗಿದು ಹೋದರು.

ತಿರುಗಿ ಬಂದ ಮೇಲೆ ಹುಡುಗಿ ಚಾಕಲೇಟು ಕೊಡಲು ಬಂದಳು. ರೈಲಿನಲ್ಲಿ ಟಿಕೆಟ್ ನೋಡುವವನು ಬಂದನಂತೆ. ಟಿಕೆಟ್ ನೋಡಿದ, ಇವರನ್ನು ನೋಡಿದ, ಮತ್ತೆ ಟಿಕೆಟ್ ನೋಡಿದ. "ಇದರ ಪ್ರಕಾರ ಈ ಎರಡೂ ಸೀಟಿನಲ್ಲಿ ಯಾರೂ ಇಲ್ಲ" ಅಂದನಂತೆ. ಪಾಸ್‌ಪೋರ್ಟು ತೋರಿಸಿದರು. ಅವನು ಗಂಭೀರವಾಗಿ ಖಾಲಿ ಸೀಟಿಗೆ ಮಾಡುವ ಹಾಗೆ ಟೋಪಿ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದ.

"ಅದೆಲ್ಲ ಇರಲಿ ಅಂಕಲ್" ಅಂದಳು ಹುಡುಗಿ. "ಮದ್ವೆ ಆದ್ಮೇಲೆ ಗಂಡನ ಹೆಸರು ಸೇರಿಸ್ಕೊಳಲ್ಲ ಅಂತ ಎಷ್ಟು ಜಗಳ ಆಡಿದ್ದೆ ಗೊತ್ತಾ? ಕೊನೆಗೂ ಮಿಸೆಸ್ ನನ್ ಆಗ್ಬಿಟ್ಟೆ."

ಎಲ್ಲಾರೂ ಹಂಗ ಅಂತಾರ

ಕೆಳಗಿನ ಮನೆಯವರು ನಿವೃತ್ತ ಮಾಸ್ತರು, ವಿಜಯಪುರದ ಕಡೆಯವರು. ಗಂಡಹೆಂಡತಿ ಲಂಡನ್ನಿಗೆ ಹೊರಟಿದ್ದರು, ಅಲ್ಲಿಂದ ಎಡಿನ್‌ಬರೋಗೆ ರೈಲು. ಟಿಕೆಟ್ ತೆಗೆಯುವ ದಿನ ಮಾಸ್ತರು ಸ್ವಾರಗೇಟಿನಲ್ಲಿ ಬೆಳಗಾವಿ ಬಸ್ಸು ಹತ್ತಿ ಹೋಗಿದ್ದರು. ಅವರ ಹೆಂಡತಿ ಕಾರ್ಡು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಎಲ್ಲ ಸರಿಹೋಗಿ, ಬ್ಯಾಂಕಿನವರು ಮೊಬೈಲಿಗೆ ಕಳಿಸುವ ಓಟಿಪಿ ಒಂದು ಬಾಕಿ. ಅದು ಹೋದದ್ದು ಮಾಸ್ತರ ಮೊಬೈಲಿಗೆ.

ಅಮ್ಮನವರ ಫೋನು ಮನೆಯಲ್ಲಿ ಚಾರ್ಜಿಗೆ ಇತ್ತು. ನನ್ನ ಹೆಂಡತಿಯ ಫೋನಿನಿಂದ ಹಚ್ಚಿ, ಸ್ಪೀಕರ್ ಮೇಲೆ ಹಾಕಿದೆವು.

"ಹಲೋ, ನಾನ್ರೀ. ನಿಮಗೊಂದು ನಂಬರ್ ಬಂದದ. ಲಗೂನ ಹೇಳ್ರಿ."

"ಯಾರು ಮಾತಾಡೂದು?"

"ನಾನು! ನಿಮ್ಮ ಹೆಂಡ್ತಿ!"

"ಎಲ್ಲಾರೂ ಹಂಗ ಅಂತಾರ."

"ಎಲ್ಲಾರೂ ಅಂದ್ರ ಯಾರ್ಯಾರ್ರೀ?" ಅಮ್ಮನವರ ದನಿ ಏರಿತು.

ಮಾಸ್ತರು ಜಗ್ಗಲಿಲ್ಲ. "ನೋಡವಾ, ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನವರು ದಿನಾ ಮೆಸೇಜ್ ಕಳಸ್ತಾರ. ಈಗ ಕಳ್ಳರು ಹೆಂಡ್ತಿ ದನಿನೂ ನಕಲ ಮಾಡ್ತಾರಂತ. ಪೇಪರಿನ್ಯಾಗ ಬಂದಿತ್ತು. ಖರೇನ ನನ್ನ ಹೆಂಡ್ತಿ ಆಗಿದ್ರ ಹೇಳು, ಇವತ್ತು ನಾಷ್ಟಾಕ್ಕ ಏನಿತ್ತು?"

"ಉಪ್ಪಿಟ್ಟು!"

"ಉಪ್ಪಿಟ್ಟು ಎಲ್ಲಾರ ಮನಿಯೊಳಗೂ ಇರತದ. ಬ್ಯಾರೆ ಗುರ್ತು ಹೇಳು."

"ಗುರ್ತು ಬೇಕೇನು ಗುರ್ತು? ಉಪ್ಪು ಹೆಚ್ಚಾಗೇದ ಅಂತ ತಾಟು ಸರಿಸಿ ಎದ್ದು ಹ್ವಾದ ಮನಶ್ಯಾ ನೀವು! ತಿರುಗಿ ಮನಿಗೆ ಬರ್ರಿ, ಛಲೋ ಗುರ್ತು ತೋರಸ್ತೀನಿ!"

ಆ ಕಡೆಯಿಂದ, ಬಸ್ಸಿನ ಸದ್ದಿನ ನಡುವೆ, ಭಾಳ ಸಣ್ಣ ದನಿ ಬಂತು. "ಹಾಂ... ಇಕೀನ ಹೌದು. ಬರಕೋ, ಹೇಳ್ತೀನಿ."

ಬರೆದುಕೊಂಡೆವು, ಹಾಕಿದೆವು. ಅಷ್ಟರಲ್ಲಿ ಸಮಯ ಮೀರಿಹೋಗಿತ್ತು. ಹೊಸ ನಂಬರ್ ಕಳಿಸಿ ಅಂತ ಗುಂಡಿ ಒತ್ತಿ, ಮತ್ತೆ ಫೋನು ಹಚ್ಚಿದೆವು. ಮಾಸ್ತರು ಎತ್ತಿದರು.

"ಯಾರು ಮಾತಾಡೂದು?"

ಎಲ್ಲಾ ಅಂದ್ರ ಎಲ್ಲೆಲ್ಲಿ

ಇವೆಲ್ಲದರ ಮೇಲೆ ಇದೊಂದು. ನಮ್ಮ ಎದುರುಮನೆಯವರು ವಕೀಲರು, ಗದಗ ಕಡೆಯವರು. ಅವರ ಹೆಂಡತಿ ನನ್ನ ಹೆಂಡತಿಯ ಜೀವದ ಗೆಳತಿ. ಹೆಸರು ಸ್ಮಿತಾ. ಆದರೆ ಬಿಲ್ಡಿಂಗಿನಲ್ಲಿ ಮರಾಠಿಯವರು, ಕನ್ನಡದವರು ಎಲ್ಲರೂ ಕರೆಯುವುದು ವೈನಿ, ಅಂದರೆ ಅತ್ತಿಗೆ, ಅಂತಲೇ.

ಒಂದು ದಿನ ವಕೀಲರು ಅಂಗಡಿಗೆ ಬಂದರು. ಬಣ್ಣದ ಮಾದರಿಯ ಕಾರ್ಡು ಕೈಯಲ್ಲಿ ಹಿಡಿದು, ಗಿರಾಕಿಗಳೆಲ್ಲ ಹೋಗುವವರೆಗೆ ಹಳದಿ ನೋಡಿದರು, ಹಸಿರು ನೋಡಿದರು. ಆಮೇಲೆ ದನಿ ಇಳಿಸಿದರು.

"ಒಂದು ಟಿಕೆಟ್ ಆಗಬೇಕಿತ್ತು. ಶ್ರೀಲಂಕಾದ ರೈಲು."

"ಎಲ್ಲಿಂದ ಎಲ್ಲಿಗ್ರೀ?"

"ಕ್ಯಾಂಡಿಯಿಂದ ಎಲ್ಲಾ."

"ಎಲ್ಲಾ ಅಂದ್ರ ಎಲ್ಲೆಲ್ಲಿ?"

"ಎಲ್ಲಾ ಅಂತ ಊರs ಅದರೀ ಮಾರಾಯರ! ಇಬ್ಬರಿಗೆ. ಕಿಡಕಿ ಸೀಟು ಬೇಕು."

ಅವರ ಹೆಸರು ಹಾಕಿದೆ. ಎರಡನೆಯವರ ಹೆಸರು ಕೇಳಿದೆ. "ನೀಲಾ ಹೊಸೂರ" ಅಂದರು.

ತಲೆ ಎತ್ತಿ ನೋಡಿದೆ. ವಕೀಲರು ಮತ್ತೆ ಹಳದಿ ನೋಡುತ್ತಿದ್ದರು. "ಯಾರಿಗೂ ಗೊತ್ತಾಗಬಾರದು. ನಿಮ್ಮ ಮನಿಯಾಗೂ ಹೇಳಬ್ಯಾಡ್ರಿ" ಅಂದರು.

ದಿನವೆಲ್ಲ ಬಣ್ಣ ಮಾರುವವನ ಮುಖದ ಬಣ್ಣವೇ ಇಳಿದುಹೋಯಿತು. ಕೇಳುವುದು ಹೇಗೆ? ಕೇಳದೆ ಇರುವುದು ಹೇಗೆ? ಕೇಳಲಿಲ್ಲ. ಅವರ ಕಾರ್ಡು ಹಾಕಿದೆ, ನಡೆಯಲಿಲ್ಲ. ಇನ್ನೊಂದು ಕೊಟ್ಟರು, ಅದೂ ನಡೆಯಲಿಲ್ಲ. ದೇವರೇ ತಡೆಯುತ್ತಿದ್ದಾನೆ ಅಂದುಕೊಂಡೆ. "ನಿಮ್ಮ ಕಾರ್ಡು ಹಚ್ಚಿ ನೋಡ್ರಿ, ರೊಕ್ಕ ಈಗs ಕೊಡ್ತೀನಿ" ಅಂದರು. ಹಚ್ಚಿದೆ. ಹಾಳಾದ್ದು, ಒಂದೇ ಏಟಿಗೆ ಟಿಕೆಟ್ ಬಂತು.

ಟಿಕೆಟ್ ಬಂದದ್ದು ನನ್ನ ಫೋನಿಗೆ. ಮನೆಯಲ್ಲಿ ಗ್ಯಾಸಿನ ಮೆಸೇಜು ಹುಡುಕುತ್ತಿದ್ದ ಹೆಂಡತಿಯ ಕಣ್ಣಿಗೆ ಅದೇ ಬಿತ್ತು.

"ಈ ನೀಲಾ ಯಾರ್ರೀ?"

"ನನಗ ಗೊತ್ತಿಲ್ಲ."

"ವಕೀಲರ ಮಗ್ಗಲಿಗೆ ಕೂತಾಳ, ಕಿಡಕಿ ಸೀಟು ಬ್ಯಾರೆ! ರೊಕ್ಕ ಹೋಗಿದ್ದು ನಿಮ್ಮ ಕಾರ್ಡಿನಿಂದ. ಈ ಪಾಪದಾಗ ನೀವೂ ಪಾಲುದಾರರು" ಅಂದವಳೇ ಫೋನು ನನ್ನ ಮಡಿಲಿಗೆ ಎಸೆದು ಒಳಗೆ ಹೋದಳು.

ಆಮೇಲಿನ ದಿನಗಳು ನನಗೇ ಗೊತ್ತು. ಗೆಳತಿಗೆ ಹೇಳಿದರೆ ಅವಳ ಸಂಸಾರ ಒಡೆಯುತ್ತದೆ, ಹೇಳದಿದ್ದರೆ ಮೋಸ. ಇವಳು ವೈನಿಯನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯತೊಡಗಿದಳು. ನನ್ನ ಜೊತೆಗಂತೂ ಮಾತೇ ಇಲ್ಲ. ಕೊನೆಗೆ ಒಂದು ಸಂಜೆ ವೈನಿಯೇ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದು ಬಾಗಿಲಲ್ಲಿ ನಿಂತರು. "ನನ್ನ ಮ್ಯಾಲ ಸಿಟ್ಟೇನವಾ?" ಅಂದರು. ಅಷ್ಟೇ ಸಾಕಾಯಿತು. ಇವಳು ಗೊಳೋ ಅಂತ ಅತ್ತು, ನನ್ನ ಫೋನು ಕಸಿದು ಅವರ ಮುಂದೆ ಹಿಡಿದಳು.

ವೈನಿ ಚಾಳೀಸು ಹಾಕಿಕೊಂಡು ಓದಿದರು. ಮೆಲ್ಲಗೆ ಸೋಫಾದ ಮೇಲೆ ಕೂತರು. ನನಗೆ ಖಾಲಿ ಬಣ್ಣದ ಡಬ್ಬಿಯೊಂದರಲ್ಲಿ ಅಡಗಿಕೊಳ್ಳೋಣ ಅನಿಸಿತು.

"ಧೈರ್ಯ ತಗೋರಿ ವೈನಿ" ಅಂತ ಇವಳು ಅವರ ಕೈ ಹಿಡಿದಳು. "ಯಾರಿಕಿ? ನಿಮಗ ಗೊತ್ತೇನು?"

"ಗೊತ್ತು. ಭಾಳ ಹಿಂದಿನಾಕಿ."

"ಅಯ್ಯ ಶಿವನ! ನಿಮ್ಮ ಮದಿವಿಕಿಂತ ಮೊದಲಿಂದನೂ?"

"ಹೂಂ. ಮದಿವಿ ದಿನಾನ ಹೋಗಿಬಿಟ್ಟಳು."

"ಎಲ್ಲಿಗೆ?"

ವೈನಿ ಕಣ್ಣೊರೆಸಿಕೊಂಡು ನಕ್ಕರು. "ನಾನs ನೀಲಾ ಅದೀನಿ. ಹೊಸೂರ ಅಂದ್ರ ನನ್ನ ತವರಮನಿ ಅಡ್ಡಹೆಸರು. ಮದಿವ್ಯಾಗ ಗಂಡನ ಮನಿಯವರು ಅಕ್ಕಿಯೊಳಗ ಸ್ಮಿತಾ ಅಂತ ಹೊಸ ಹೆಸರು ಬರಸಿದ್ರು. ಅವ್ವ ಇರೋತನಾ ನೀಲಾ ಅಂತಿದ್ಲು. ಈಗ ಹಂಗ ಕರಿಯಾವರು ಯಾರೂ ಉಳದಿಲ್ಲ. ಶಾಲಿ ಸರ್ಟಿಫಿಕೇಟಿನ್ಯಾಗ, ಪಾಸ್‌ಪೋರ್ಟಿನ್ಯಾಗ ಆ ಹೆಸರು ಉಳದದ, ಅಷ್ಟs." ಮತ್ತೆ ಫೋನು ನೋಡಿದರು. "ಚಹಾ ತೋಟದಾಗಿಂದ ಹೋಗೋ ರೈಲು ಒಂದು ಮೊಬೈಲಿನ್ಯಾಗ ಬಂದಿತ್ತು. ಹಿಂಗ ಒಮ್ಮೆ ಹೋಗಬೇಕು ಅಂದಿದ್ದೆ. ನೆನಪಿಟಗೊಂಡಾರ ನೋಡ್ರಿ. ನನ್ನ ಹೆಸರೂ ನೆನಪಿಟಗೊಂಡಾರ. ಒಂದು ದಿನಾನೂ ಬಾಯಿಬಿಟ್ಟು ಕರೀಲಿಲ್ಲ, ಮನಸಿನ್ಯಾಗ ಇಟಗೊಂಡಿದ್ರು."

ಈಗ ಇವಳು ಮತ್ತೆ ಅತ್ತಳು. ಅಳುತ್ತಲೇ ನನ್ನ ಕಡೆ, ಕಲಿತುಕೊಳ್ಳಿ ಅನ್ನುವ ಹಾಗೆ ನೋಡಿದಳು.

ಅದೇ ಹೊತ್ತಿಗೆ ಕೋರ್ಟಿನಿಂದ ಬಂದ ವಕೀಲರು ಮನೆಯ ಕೀಲಿ ಕೇಳಲು ನಮ್ಮ ಬಾಗಿಲಿಗೆ ಬಂದರು. ಕರಿಕೋಟು ಇನ್ನೂ ಮೈಮೇಲಿತ್ತು. ವೈನಿ ಎದ್ದು ನಿಂತರು.

"ರೀ, ನನ್ನ ಹಳೇ ಹೆಸರು ನಿಮಗ ನೆನಪಿತ್ತೇನ್ರೀ?"

"ನೆನಪೆಲ್ಲಿದು? ಪಾಸ್‌ಪೋರ್ಟಿನ್ಯಾಗ ಹೆಂಗದ ಹಂಗs ಹಾಕಬೇಕು ಅಂತ ಆ ಸೈಟಿನ್ಯಾಗ..."

ನಾನು ಅವರ ಕಾಲು ತುಳಿದೆ. ಎಷ್ಟಾದರೂ ವಕೀಲರು. ಅರ್ಧ ವಾಕ್ಯದಲ್ಲೇ ಕೇಸು ತಿರುಗಿಸಿದರು.

"...ಆ ಸೈಟಿನ್ಯಾಗ ಬರದಿದ್ರು. ಆದ್ರ ನನಗ ಪಾಸ್‌ಪೋರ್ಟ್ ನೋಡೋ ಜರೂರತ್ತs ಬೀಳಲಿಲ್ಲ!"

"ಹೌದೇನು? ಹಂಗಾದ್ರ ನನ್ನ ಪಾಸ್‌ಪೋರ್ಟ್ ನಿಮ್ಮ ಕಿಸೆಯೊಳಗ ಯಾಕ ಅದ?"

ಕರಿಕೋಟಿನ ಕಿಸೆಯಿಂದ ನೀಲಿ ಪುಸ್ತಕದ ಮೂಲೆ ಇಣುಕುತ್ತಿತ್ತು. ವಕೀಲರು ಅದನ್ನು ಅಂಗೈಯಿಂದ ಒಳಗೆ ಒತ್ತಿದರು.

"ಇರಲಿ ಬಿಡ್ರಿ" ಅಂದರು ವೈನಿ. "ಒಮ್ಮೆ ಆ ಹೆಸರಿಲೆ ಕರೀರಿ. ಸಾಕು."

ವಕೀಲರು ಅತ್ತ ನೋಡಿದರು, ಇತ್ತ ನೋಡಿದರು. ಹೆಂಡತಿಯನ್ನು ಹೆಸರು ಹಿಡಿದು ಕರೆದು ರೂಢಿಯೇ ಇಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ. ಎದೆ ಸೆಟೆಸಿ, ಕೋರ್ಟಿನ ಬಾಗಿಲಲ್ಲಿ ನಿಂತ ಜವಾನ ಕಕ್ಷಿದಾರರನ್ನು ಕೂಗುವ ಹಾಗೆ, ಇಡೀ ಬಿಲ್ಡಿಂಗಿಗೆ ಕೇಳುವಂತೆ ಕೂಗಿಬಿಟ್ಟರು.

"ನೀಲಾ ಹೊಸೂರ ಹಾಜರ್ ಹೋ!"

ಮೇಲಿನ ಮನೆಯ ಬಾಗಿಲು ತೆರೆದ ಸದ್ದಾಯಿತು. ಕೆಳಗಿನಿಂದ ಯಾರೋ ಏನಾಯಿತೆಂದು ಮರಾಠಿಯಲ್ಲಿ "ಕಾಯ್ ಝಾಲಂ?" ಅಂದರು. ವೈನಿ ಸೆರಗು ಸರಿಮಾಡಿಕೊಂಡು, ಗಂಡನ ಮುಂದೆ ನೆಟ್ಟಗೆ ಬಂದು ನಿಂತರು.

"ಹಾಜರದೀನ್ರೀ."